ಕಲ್ಲು, ಓಲೆ, ನೀರು: ವಿಜಯಪುರದ ಸುತ್ತ ಒಂದು ದಿನ

ಕಳೆದ ಮಾಘಮಾಸದಲ್ಲಿ ವಿಜಯಪುರ, ಟಿಕೋಟಾ, ಬಬಲೇಶ್ವರಗಳನ್ನು ಒಂದೇ ದಿನದಲ್ಲಿ ನೋಡಿಬರುವ ಯೋಗ ನಮಗೆ ಒದಗಿತು. ಸಂಗಡ ನಿವೃತ್ತ ಕನ್ನಡ ಶಿಕ್ಷಕರೊಬ್ಬರು, ಟಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ಅವರ ಅಳಿಯಂದಿರು ಮತ್ತು ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗ. ಪ್ರಾತಃಕಾಲ ಇಷ್ಟಲಿಂಗಪೂಜೆ ಮುಗಿಸಿ, ಸಿದ್ಧೇಶ್ವರ ಗುಡಿಯ ದರ್ಶನ ಪಡೆದು ಗೋಳಗುಮ್ಮಟದತ್ತ ಹೊರಟೆವು.

ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯವಿದೆ. 1892ರಲ್ಲಿ ಜಿಲ್ಲಾ ಸಂಗ್ರಹಾಲಯವಾಗಿ ಆರಂಭವಾದ ಇದು 1982ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಅಧೀನಕ್ಕೆ ಬಂದಿತು. ಅವಸರದ ಯಾತ್ರಿಕರು ಇದನ್ನು ಹೊರಗಿನಿಂದಲೇ ಕಂಡು ಮುಂದೆ ಸಾಗುತ್ತಾರೆ; ನಾವು ಮೊದಲು ಇದನ್ನೇ ಹೊಕ್ಕೆವು. ಅರಬ್ಬಿ, ಪಾರಸಿ ಶಾಸನಗಳ ಜೊತೆಯಲ್ಲೇ ಕನ್ನಡ, ಸಂಸ್ಕೃತ ಶಾಸನಗಳು. ಜೈನ ಮೂರ್ತಿಗಳು, ವರ್ಣಚಿತ್ರಗಳು, ಹಸ್ತಪ್ರತಿಗಳು, ಆಯುಧಗಳು, ರತ್ನಗಂಬಳಿಗಳು. ಹಲವು ಮತಗಳ ಜನ ಒಂದೇ ನೆಲದಲ್ಲಿ ಬಾಳಿದ ಗುರುತುಗಳಿವು. ಕನ್ನಡ ಶಾಸನವೊಂದರ ಮುಂದೆ ಮೊಮ್ಮಗ ಬಹಳ ಹೊತ್ತು ನಿಂತ. “ಅಜ್ಜಾರ, ಇದು ಕನ್ನಡ ಅಂತೀರಿ. ನನಗ ಒಂದಕ್ಷರನೂ ತಿಳೀವಲ್ದಲ್ರೀ” ಎಂದ. ಶಿಕ್ಷಕರು ಅವನ ಪಕ್ಕದಲ್ಲಿ ನಿಂತು, ಅಕ್ಷರಗಳು ಕಾಲಕಾಲಕ್ಕೆ ರೂಪ ಬದಲಿಸಿದ ಬಗೆಯನ್ನು ತಾಳ್ಮೆಯಿಂದ ವಿವರಿಸಿದರು.

ಅನಂತರ ಗುಮ್ಮಟ. 1627ರಿಂದ 1656ರವರೆಗೆ ಆಳಿದ ಮಹಮ್ಮದ ಆದಿಲಶಾಹ ತನ್ನ ಸಮಾಧಿಗಾಗಿ ತಾನೇ ಕಟ್ಟಿಸತೊಡಗಿದ ಕಟ್ಟಡವಿದು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಮೊಣಕಾಲಿನ ನೋವನ್ನು ಮರೆತು ಮೆಟ್ಟಿಲೇರಿದೆವು. ಎದುರುಗೋಡೆಯ ಬಳಿ ಮೊಮ್ಮಗ “ಬಸವಣ್ಣ” ಎಂದು ಮೆಲ್ಲನೆ ಉಸುರಿದ್ದು ನಮ್ಮ ಕಿವಿಯಲ್ಲಿಯೇ ನುಡಿದಂತಾಯಿತು.

ಅಲ್ಲಿಂದ ಬಿ.ಎಲ್.ಡಿ.ಇ. ಸಂಸ್ಥೆಯ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರಕ್ಕೆ ಹೋದೆವು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲರಾಗಿದ್ದವರು. ಊರೂರು ಅಲೆದು, ಮನೆಮನೆಯ ತಾಡೋಲೆಗಳನ್ನು ಬೇಡಿ ತಂದು, ಓದಿ, ಶುದ್ಧ ಪ್ರತಿ ಮಾಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಇಂದು ನಾವು ಸುಲಭವಾಗಿ ಕೊಂಡು ಓದುವ ವಚನಗ್ರಂಥಗಳ ಹಿಂದೆ ಅವರ ಸವೆದ ಪಾದಗಳಿವೆ. ಅವರ ಹೆಸರಿನ ಈ ಕೇಂದ್ರವು ಆದಿಲಶಾಹಿ ಕಾಲದ ಸಾಹಿತ್ಯವನ್ನೂ ಕನ್ನಡಕ್ಕೆ ತರಿಸಿ ಪ್ರಕಟಿಸಿರುವುದು ಸ್ತುತ್ಯ ಕಾರ್ಯ.

ಅಲ್ಲಿ ಕುಳಿತಾಗ ನಮ್ಮ ಹಳೆಯ ಅಪರಾಧವೊಂದು ನೆನಪಾಯಿತು. ನಮ್ಮ ಮನೆಯಲ್ಲಿಯೂ ತಾಡೋಲೆಯ ಕಟ್ಟೊಂದಿತ್ತು. ಹಬ್ಬಕ್ಕೆ ವಿಭೂತಿ, ಹೂವು ಏರಿಸುತ್ತಿದ್ದರಲ್ಲದೆ ಬಿಚ್ಚಿದವರಿರಲಿಲ್ಲ. ಮಠದಲ್ಲಿ ಓದು ಮುಗಿಸಿ ಬಂದ ನಾವೂ “ಮುಂದಿನ ಸಲ ನೋಡಿದರಾಯಿತು” ಎಂದೆವು. ಮುಂದಿನ ಸಲ ಹೋಗುವಷ್ಟರಲ್ಲಿ ಹುಳು ಹಿಡಿದ ಆ ಕಟ್ಟನ್ನು ಮನೆಯವರು ಭಕ್ತಿಯಿಂದಲೇ ಹೊಳೆಗೆ ಬಿಟ್ಟಿದ್ದರು. ಅದರಲ್ಲೇನಿತ್ತೆಂಬುದು ಇಂದಿಗೂ ತಿಳಿಯದು. ಓದಬಲ್ಲವರಾಗಿಯೂ ಓದದ ನಾವೇ ಅದಕ್ಕೆ ಹೊಣೆ.

ಈ ಮಾತನ್ನು ಕೇಳಿದ ಅಳಿಯಂದಿರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮನ್ಯಾಗೂ ಒಂದು ಕಟ್ಟು ಐತ್ರೀ ಅಜ್ಜಾರ. ಈ ವರ್ಷ ಹೊಳಿಗೆ ಬಿಡಬೇಕಂತ ಮಾಡಿದ್ವಿ” ಎಂದರು.

ದಾರಿಯಲ್ಲಿ ಇಬ್ರಾಹಿಂ ರೋಜಾವನ್ನು ಕಂಡು, ಅದರ ಕಲ್ಲಿನ ಅಕ್ಷರಕುಸುರಿಗೆ ತಲೆದೂಗಿ, ಟಿಕೋಟಾಕ್ಕೆ ಬಂದೆವು. ಅಳಿಯಂದಿರ ಶೆಡ್ಡಿನಲ್ಲಿ ಹಂತಹಂತವಾದ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಕಾಯಕದ ಫಲವನ್ನು ಕಣ್ಣಾರೆ ಕಂಡೆವು. ಪ್ರಸಾದವಾದ ಮೇಲೆ ದೇವರ ಕೋಣೆಯಿಂದ ಆ ಕಟ್ಟು ಹೊರಬಂದಿತು. ಅಂಚಿನ ಓಲೆಗಳು ಪುಡಿಯಾಗಿದ್ದವು, ನಡುವಿನವು ಉಳಿದಿದ್ದವು. ಓದಿದರೆ ಮನೆವೈದ್ಯದ ಯೋಗಗಳು! ಮೊಮ್ಮಗ ಬಾಗಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ, “ಶುಂಠಿ… ಶುಂಠಿ ಅಂತ ಐತಿ” ಎಂದು ಕೂಗಿದಾಗ ಅವನ ಅಜ್ಜನ ಕಣ್ಣು ತುಂಬಿದವು.

ಸಂಜೆ ಬಬಲೇಶ್ವರದ ಬೃಹನ್ಮಠದಲ್ಲಿ ಗುರುಪಾದೇಶ್ವರರಿಗೆ ನಮಿಸಿ, ಅದೇ ತಾಲ್ಲೂಕಿನ ಮಮದಾಪುರದ ಕೆರೆಯನ್ನು ತಲುಪಿದೆವು. 1633ರಲ್ಲಿ ಇದನ್ನು ಕಟ್ಟಿಸಿದವನೂ ಗುಮ್ಮಟದ ಅದೇ ಮಹಮ್ಮದ ಆದಿಲಶಾಹ. ಅವನ ಸಮಾಧಿಯನ್ನು ಬೆಳಿಗ್ಗೆ ಬೆರಗಿನಿಂದ ನೋಡಿದೆವು. ಅವನ ಕೆರೆಯ ದಡದಲ್ಲಿ ಸಂಜೆ ಕೃತಜ್ಞತೆಯಿಂದ ಕುಳಿತೆವು. ಬಳಸಿದ ನೀರು ಬೆಳೆಯಾಗುತ್ತದೆ, ಓದಿದ ಓಲೆ ಅರಿವಾಗುತ್ತದೆ.

ಭಕ್ತಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮ ಜಗಲಿಯಲ್ಲಿ, ಅಟ್ಟದಲ್ಲಿ ತಾಡೋಲೆಯೋ ಹಳೆಯ ಕೈಬರಹವೋ ಇದ್ದರೆ ಹೊಳೆಗೆ ಬಿಡಬೇಡಿರಿ. ತೇವ ತಾಗದಂತೆ ಶುಭ್ರ ಹತ್ತಿಬಟ್ಟೆಯಲ್ಲಿ ಸುತ್ತಿಡಿರಿ; ಬಲ್ಲವರಿಂದ ಓದಿಸಿರಿ; ಇಟ್ಟುಕೊಳ್ಳಲಾಗದಿದ್ದರೆ ಮಠಕ್ಕೋ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಒಪ್ಪಿಸಿರಿ. ನಾವು ಮಾಡಿದ ತಪ್ಪು ನಿಮ್ಮಿಂದಾಗದಿರಲಿ.