ಅರಳುಮರಳೋ, ಲವಣಕ್ಷಯವೋ?

ಅರವತ್ತಕ್ಕೆ ಅರಳುಮರಳೆಂಬ ಮಾತು ನಮ್ಮ ಜನರಲ್ಲಿ ಎಷ್ಟು ಬೇರೂರಿದೆಯೆಂದರೆ, ಮನೆಯ ಹಿರಿಯರೊಬ್ಬರು ನಾಲ್ಕು ದಿನಗಳೊಳಗೆ ಮಂಕಾದರೂ, ಮಾತು ತಡವರಿಸಿದರೂ, ನಡೆಯುವಾಗ ಮುಗ್ಗರಿಸಿ ಬಿದ್ದರೂ, ಅದು ವಯೋಧರ್ಮವೆಂದು ಸುಮ್ಮನಾಗುವವರೇ ಬಹಳ. ಆದರೆ ಎಷ್ಟೋ ವೇಳೆ ಅದು ವಯಸ್ಸಿನ ದೋಷವಲ್ಲ. ರಕ್ತದಲ್ಲಿ ಸೋಡಿಯಂ ಎಂಬ ಲವಣಾಂಶವು ಇಳಿದುದರ ಫಲ. ವಯಸ್ಸಿಗೆ ಮದ್ದಿಲ್ಲ, ಇದಕ್ಕೆ ಉಂಟು.

ಒಂದು ಲೀಟರು ರಕ್ತದ್ರವದಲ್ಲಿ ಸೋಡಿಯಂ 135ರಿಂದ 145 ಮಿಲಿಮೋಲುಗಳಷ್ಟು ಇರತಕ್ಕದ್ದು. 135ಕ್ಕಿಂತ ಇಳಿದರೆ ಕೊರತೆಯೆಂದೂ, 125ಕ್ಕಿಂತ ಇಳಿದರೆ ಅತಿಯಾದ ಕೊರತೆಯೆಂದೂ ವೈದ್ಯರು ಎಣಿಸುತ್ತಾರೆ. ಇದು ಅಪರೂಪವಾದುದಲ್ಲ. ಆಸ್ಪತ್ರೆ ಸೇರಿದ ರೋಗಿಗಳಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಇದು ಇರುವುದೆಂದು ಅಂದಾಜು. ಅವರಲ್ಲಿ ಬಹುಮಂದಿಯದು ಸೌಮ್ಯ ಸ್ವರೂಪದ್ದೆಂಬುದೇ ಸಮಾಧಾನ.

ಇದಕ್ಕೆ ಹೆಚ್ಚಾಗಿ ಗುರಿಯಾಗುವವರು ವೃದ್ಧರು. ರಕ್ತದೊತ್ತಡಕ್ಕಾಗಿ ಥಯಜೈಡ್ ಜಾತಿಯ ಮೂತ್ರವರ್ಧಕ ಮಾತ್ರೆಗಳನ್ನು ಸೇವಿಸುವವರು, ಮನಃಖಿನ್ನತೆಗಾಗಿ ಕೆಲವು ಔಷಧಗಳನ್ನು ಸೇವಿಸುವವರು, ಹೃದಯ, ಯಕೃತ್ತು, ಮೂತ್ರಪಿಂಡಗಳ ರೋಗವುಳ್ಳವರು, ವಾಂತಿಭೇದಿಯಿಂದ ಬಳಲಿದವರು, ಇವರೆಲ್ಲರೂ ಎಚ್ಚರದಿಂದಿರಬೇಕು. ದೃಢಕಾಯರಿಗೂ ವಿನಾಯಿತಿಯಿಲ್ಲ. 2002ರಲ್ಲಿ ಅಮೆರಿಕೆಯ ಬಾಸ್ಟನ್ ನಗರದ ದೀರ್ಘ ಓಟವನ್ನು ಮುಗಿಸಿದ 488 ಮಂದಿಯ ರಕ್ತವನ್ನು ಪರೀಕ್ಷಿಸಲಾಗಿ, ನೂರಕ್ಕೆ 13 ಮಂದಿಯಲ್ಲಿ ಈ ಕೊರತೆ ಕಂಡುಬಂದಿತು. ದಾರಿಯುದ್ದಕ್ಕೂ ಮಿತಿಮೀರಿ ಕುಡಿದು, ಓಟದ ಕೊನೆಗೆ ತೂಕ ಹೆಚ್ಚಿಸಿಕೊಂಡವರೇ ಇದಕ್ಕೆ ಹೆಚ್ಚಾಗಿ ತುತ್ತಾದವರು!

ಇದರಿಂದ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಅನೇಕ ಸಂದರ್ಭಗಳಲ್ಲಿ ದೇಹದಲ್ಲಿ ಉಪ್ಪು ಕಡಮೆಯಾಗಿರುವುದಿಲ್ಲ, ನೀರು ಹೆಚ್ಚಾಗಿರುತ್ತದೆ. ಹೆಚ್ಚಿದ ನೀರು ಮಿದುಳಿನ ಕಣಗಳೊಳಗೆ ಸೇರಿ ಅವು ಊದಿಕೊಳ್ಳುವುದರಿಂದಲೇ ತಲೆನೋವು, ಓಕರಿಕೆ, ಭ್ರಮೆ, ಕಡೆಗೆ ಸೆಳವು ತಲೆದೋರುವುವು. ಆದಕಾರಣ ಊಟದೆಲೆಗೆ ಇನ್ನಷ್ಟು ಉಪ್ಪು ಬಡಿಸುವುದು ಚಿಕಿತ್ಸೆಯಾಗಲಾರದು. ಹೃದ್ರೋಗಿಗೆ ಅದೇ ಅಪಾಯ. ಅವಸರವೂ ಸಲ್ಲದು: ಹಲವು ದಿನಗಳಿಂದ ಇಳಿದಿದ್ದ ಸೋಡಿಯಮನ್ನು ಒಮ್ಮೆಲೇ ಏರಿಸಿದರೆ ಮಿದುಳಿಗೆ ಶಾಶ್ವತವಾದ ಹಾನಿ ಸಂಭವಿಸಬಹುದು. ಇದು ಬಲ್ಲ ವೈದ್ಯರ ಕೆಲಸ, ಅಡಿಗೆಮನೆಯದಲ್ಲ.

ಗೃಹಸ್ಥರು ಮಾಡಬೇಕಾದುದು ಇಷ್ಟೇ. ಹೊಸ ಮಾತ್ರೆ ಪ್ರಾರಂಭವಾದ ಕೆಲವು ವಾರಗಳಲ್ಲಿ ಹಿರಿಯರ ನಡೆನುಡಿಗಳು ಬದಲಾದರೆ, ಆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸದೆ ಚೀಟಿಸಹಿತ ವೈದ್ಯರಲ್ಲಿಗೆ ಹೋಗಿ, ರಕ್ತದ ಸೋಡಿಯಂ ಪರೀಕ್ಷೆಯಾಗಬೇಕೇ ಎಂದು ವಿಚಾರಿಸತಕ್ಕದ್ದು. ಸೆಳವಾಗಲಿ, ಎಚ್ಚರ ತಪ್ಪುವುದಾಗಲಿ ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅದು ದೊಡ್ಡ ಪರೀಕ್ಷೆಯೇನೂ ಅಲ್ಲ. ಬೇಕಾದುದು ಸ್ವಲ್ಪ ರಕ್ತ ಮಾತ್ರ. ಹಿರಿಯರಿಗೆ ಅರಳುಮರಳೆಂದು ಹೆಸರಿಡುವ ಮುನ್ನ ಅಷ್ಟನ್ನಾದರೂ ಮಾಡುವುದು ಮಕ್ಕಳ ಧರ್ಮವೆಂದು ನಾವು ಭಾವಿಸುತ್ತೇವೆ.