ಸೂಜಿಮೊನೆಯ ವಿಜ್ಞಾನಕ್ಕೆ ಬೇಕು ತಾಳ್ಮೆಯ ಖಜಾನೆ

ಮಧುಮೇಹಿಗಳಿರುವ ಮನೆಗಳಲ್ಲಿ ಗ್ಲುಕೋಮೀಟರ್ ಇಂದು ಪಂಚಾಂಗದಷ್ಟೇ ಪರಿಚಿತ. ಪಟ್ಟಿಯ ಮೇಲೆ ಒಂದು ಹನಿ ರಕ್ತ ಬಿದ್ದೊಡನೆ ಅದರಲ್ಲಿರುವ ಕಿಣ್ವ ಸಕ್ಕರೆಯೊಡನೆ ವರ್ತಿಸುತ್ತದೆ. ಆಗ ಹೊಮ್ಮುವ ಎಲೆಕ್ಟ್ರಾನುಗಳು ಹರಿಸುವ ಅಲ್ಪ ವಿದ್ಯುತ್ತನ್ನು ಉಪಕರಣ ಅಳೆದು ಅಂಕಿಯಾಗಿ ತೋರಿಸುತ್ತದೆ. ವಿದ್ಯುತ್‌ರಾಸಾಯನಿಕ ಮಾಪನವೆಂದರೆ ಇದೇ.

ಈ ವಿದ್ಯೆಗೆ ಶತಮಾನದ ಇತಿಹಾಸವಿದೆ. ಪ್ರಾಗ್‌ನ ಯರೊಸ್ಲಾವ್ ಹೆಯ್ರೊವ್‌ಸ್ಕಿ 1922ರಲ್ಲಿ ತೊಟ್ಟಿಕ್ಕುವ ಪಾದರಸವನ್ನೇ ವಿದ್ಯುದ್ವಾರವಾಗಿಸಿ ಪೋಲರೋಗ್ರಫಿ ಎಂಬ ವಿಧಾನವನ್ನು ಕಂಡುಕೊಂಡರು. ಅದಕ್ಕೆ ನೊಬೆಲ್ ಸಂದದ್ದು 1959ರಲ್ಲಿ. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲಿ ಕಿಣ್ವ ವಿದ್ಯುದ್ವಾರದ ಕಲ್ಪನೆಯನ್ನು ಮುಂದಿಟ್ಟರು. ಅದು ಮನೆಯಲ್ಲಿ ಬಳಸುವ ಉಪಕರಣವಾಗಲು ಸುಮಾರು ಕಾಲು ಶತಮಾನವೇ ಹಿಡಿಯಿತು.

ಈಗ ವಿದ್ಯುದ್ವಾರ ನ್ಯಾನೊ ಗಾತ್ರಕ್ಕೆ ಇಳಿದಿದೆ. ನೂರು ನ್ಯಾನೊಮೀಟರ್ ಮೊನೆಯೆಂದರೆ ತಲೆಗೂದಲಿನ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲು. ಪ್ಲಾಟಿನಂ ತಂತಿಯನ್ನೋ ಇಂಗಾಲದ ಎಳೆಯನ್ನೋ ಗಾಜಿನಲ್ಲಿ ಮುಚ್ಚಿ, ತುದಿಯನ್ನಷ್ಟೇ ತೆರೆದಿಟ್ಟ ಸೂಜಿ ಇದು. ಮೊನೆ ಕಿರಿದಾದಷ್ಟೂ ಅಣುಗಳು ಎಲ್ಲ ದಿಕ್ಕುಗಳಿಂದ ಬೇಗ ಬಂದು ಸೇರುತ್ತವೆ. ಜೀವಕೋಶಕ್ಕಾಗುವ ಗಾಯವೂ ಕಡಿಮೆ. ಆದರೆ ಅಳೆಯಬೇಕಾದ ಪ್ರವಾಹ ಒಂದು ಆಂಪಿಯರ್‌ನ ಲಕ್ಷ ಕೋಟಿಯಲ್ಲೊಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಅಲೆನ್ ಬಾರ್ಡ್ ಮತ್ತು ಸಂಗಡಿಗರು 1989ರಲ್ಲಿ, ಕಿರುಮೊನೆಯನ್ನು ವಸ್ತುವಿನ ಮೇಲ್ಮೈಗುಂಟ ಸರಿಸುತ್ತ ಅಲ್ಲಿನ ರಾಸಾಯನಿಕ ಕ್ರಿಯೆಯ ನಕಾಶೆ ಬರೆಯುವ ಸೂಕ್ಷ್ಮದರ್ಶಕವನ್ನು ಪರಿಚಯಿಸಿದರು. ನರಕೋಶ ಸೂಸುವ ಡೋಪಮಿನ್, ಲೋಹದಲ್ಲಿ ಮೂಡುವ ತುಕ್ಕು, ಬ್ಯಾಟರಿಯೊಳಗಿನ ಕ್ರಿಯೆ ಎಲ್ಲವೂ ಇಂದು ಇಂಥ ಮೊನೆಗಳ ಅಳತೆಗೆ ಸಿಗುತ್ತಿವೆ.

ನಮ್ಮ ಕೇಂದ್ರ ಸರ್ಕಾರ 2007ರಲ್ಲಿ ನ್ಯಾನೊ ಮಿಷನ್‌ಗೆ ಐದು ವರ್ಷಗಳಿಗೆಂದು 1,000 ಕೋಟಿ ರೂಪಾಯಿ ಮಂಜೂರು ಮಾಡಿ, ಸಿ.ಎನ್.ಆರ್. ರಾವ್ ಅವರ ಅಧ್ಯಕ್ಷತೆಯಲ್ಲಿ ಮಂಡಳಿ ರಚಿಸಿದ್ದು ಸರಿಯಾದ ಹೆಜ್ಜೆಯೇ. ಆದರೂ 2020-21ರಲ್ಲಿ ದೇಶದ ಸಂಶೋಧನಾ ವೆಚ್ಚ ಜಿಡಿಪಿಯ ಶೇ 0.64 ಮಾತ್ರ. ಈ ಅಲ್ಪ ಹಣವೂ ವಾರ್ಷಿಕ ಲೆಕ್ಕಾಚಾರದ ಬಂದಿಯಾಗುತ್ತದೆಂಬುದನ್ನು ಕಡತಗಳ ನಡುವೆ ದಶಕಗಳನ್ನು ಕಳೆದ ನಾನು ಬಲ್ಲೆ. ಮಾರ್ಚ್ 31ರೊಳಗೆ ಬಳಕೆ ಪ್ರಮಾಣಪತ್ರ ಕೇಳುವ ವ್ಯವಸ್ಥೆಗೆ ಕಾಲು ಶತಮಾನ ಕಾಯುವ ವ್ಯವಧಾನ ಎಲ್ಲಿಯದು?

ಸಾರ್ವಜನಿಕ ಹಣಕ್ಕೆ ಲೆಕ್ಕ ಕೇಳಲೇಬೇಕು. ಅದರಲ್ಲಿ ರಿಯಾಯಿತಿ ಸಲ್ಲದು. ಆದರೆ ಈ ವರ್ಷ ಮಾರುಕಟ್ಟೆಗೆ ಯಾವ ಸರಕು ಬಂತೆಂದು ಪ್ರಯೋಗಾಲಯವನ್ನು ಕೇಳುವುದು ಬೀಜ ಬಿತ್ತಿದ ವಾರವೇ ಫಸಲು ಕೇಳಿದಂತೆ. ಮೊದಲು ಅಳೆಯಲಾಗದಿದ್ದ ಯಾವುದನ್ನು ಈಗ ಅಳೆಯಬಲ್ಲಿರಿ ಎಂಬುದೇ ಅಲ್ಲಿ ಕೇಳತಕ್ಕ ಪ್ರಶ್ನೆ. ಉತ್ತರ ತೃಪ್ತಿಕರವಾಗಿದ್ದರೆ ಮುಂದಿನ ಕಂತನ್ನು ತಡಮಾಡದೆ ಬಿಡುಗಡೆ ಮಾಡುವುದು ಹಣಕಾಸು ಇಲಾಖೆಯ ಕರ್ತವ್ಯ.