ನೀರಲ್ಲಿ ನಿಂತ ಗಂಟೆ ಗೋಪುರ

ಇಟಲಿಯ ಉತ್ತರ ತುದಿಯ ರೆಶನ್ ಸರೋವರದ ದಡದಲ್ಲಿ ಎಲ್ಲರ ಹಾಗೆ ನಾನೂ ಮೊಬೈಲ್ ತೆಗೆದೆ. ನೀರಿನ ನಡುವೆ ಒಂಟಿ ಕಲ್ಲಿನ ಗೋಪುರ, ಸೆಲ್ಫಿಗೆ ಹೇಳಿ ಮಾಡಿಸಿದ ಜಾಗ! ಅದರ ಕಥೆ ಗೊತ್ತಾದ ಮೇಲೆ ಯಾಕೋ ಫೋಟೋ ಪೋಸ್ಟ್ ಮಾಡೋಕೆ ಮನಸ್ಸು ಬರಲಿಲ್ಲ.

ಇದು 14ನೇ ಶತಮಾನದ ರೋಮನೆಸ್ಕ್ ಶೈಲಿಯ ಗಂಟೆ ಗೋಪುರ. ದಪ್ಪ ಗೋಡೆ, ಮೇಲೆ ಕಮಾನಿನ ಕಿಟಕಿಗಳು. ಪಕ್ಕದಲ್ಲಿ ಚರ್ಚು, ಸುತ್ತ ಗ್ರೌನ್ ಎಂಬ ಊರು ಇತ್ತು. ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ ಎರಡು ಕೆರೆಗಳನ್ನು ಒಂದು ಮಾಡಿದರು. 1950ರಲ್ಲಿ 163 ಮನೆಗಳು ಹೋದವು. ಊರವರ ಮಾತು ಜರ್ಮನ್, ಯೋಜನೆಯ ನೋಟಿಸು ಬಂದದ್ದು ಇಟಾಲಿಯನ್‌ನಲ್ಲಿ! ಪಾದ್ರಿ ಆಲ್ಫ್ರೆಡ್ ರೀಪರ್ ರೋಮ್‌ಗೆ ಹೋಗಿ ಪೋಪ್ 12ನೇ ಪಯಸ್ ಅವರನ್ನೇ ಕಂಡು ಬಂದರು. ಯೋಜನೆ ನಿಲ್ಲಲಿಲ್ಲ. ಜುಲೈನಲ್ಲಿ ಗಂಟೆಗಳನ್ನು ಇಳಿಸಿದರು, ಆಮೇಲೆ ಚರ್ಚು ಕೆಡವಿದರು. ಗೋಪುರ ಮಾತ್ರ ಸಂರಕ್ಷಿತ ಸ್ಮಾರಕ ಅಂತ ಉಳಿಯಿತು. ನನಗೆ ಚುಚ್ಚಿದ್ದು ಇದೇ: ಗೋಪುರವನ್ನು ಕಾಯಲು ಕಾನೂನು ಇತ್ತು, ಅದರ ಗಂಟೆ ಕೇಳಿ ಏಳುತ್ತಿದ್ದವರ ಮನೆಗಳಿಗೆ ಇರಲಿಲ್ಲ.

ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಗೋಪುರದ ತನಕ ನಡೆದೇ ಹೋಗಬಹುದು. ಆಗ ಗಂಟೆಯ ಸದ್ದು ಕೇಳಿಸುತ್ತೆ ಅಂತಾರೆ. ಗಂಟೆಯೇ ಇಲ್ಲವಲ್ಲ! 2021ರಲ್ಲಿ ದುರಸ್ತಿಗೆಂದು ನೀರು ಇಳಿಸಿದಾಗ ಹಳೇ ಮನೆಗಳ ಗೋಡೆ, ಮೆಟ್ಟಿಲು ಮತ್ತೆ ಕಂಡವಂತೆ. ನಾನು ಹೋದ ದಿನ ನೀರು ತುಂಬಿತ್ತು.